ಒಂದನೇ ಅಮರ್ದಾದ್‌ಗೆ ಹುಟ್ಟಿದವರು

ಹೈದರಾಬಾದಿನ ತಾರ್ನಾಕದಲ್ಲಿ ವೈಜನಾಥರಾಯರ ಮನೆ ಯಾವುದೆಂದು ಕೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಫಸಲಿ ಮಾಸ್ತರರ ಮನೆ ಎಂದರೆ ರಿಕ್ಷಾದವನೂ ನೇರ ಬಾಗಿಲಿಗೆ ತಂದು ಬಿಡುತ್ತಿದ್ದ. ನಿಜಾಮರ ಕಾಲದ ಕಾಗದಗಳೆಲ್ಲ ಉರ್ದುವಿನಲ್ಲಿ, ಅವುಗಳ ಮೇಲಿನ ತಾರೀಖೆಲ್ಲ ಫಸಲಿ ಎಂಬ ಬೆಳೆವರ್ಷದ ಲೆಕ್ಕದಲ್ಲಿ. ರಾಜ್ಯ ಹೋಗಿ ಇಪ್ಪತ್ತು ವರ್ಷವಾದರೂ ಕಾಗದಗಳು ಹೋಗಿರಲಿಲ್ಲ. ವಿಲಾಯತಿಗೆ ಓದಲು ಹೊರಟವರು, ಪಾಸ್‌ಪೋರ್ಟ್ ಬೇಕಾದವರು, ಪೆನ್ಷನ್ ಅಟಕಾಯಿಸಿಕೊಂಡವರು ಹಳದಿಬಿದ್ದ ಸರ್ಟಿಫಿಕೇಟನ್ನು ಮಡಚಿ ಹಿಡಿದು ಮಾಸ್ತರರ ಕಟ್ಟೆಯ ಮೇಲೆ ಬಂದು ಕೂಡುತ್ತಿದ್ದರು. ಮಾಸ್ತರರು ಕನ್ನಡಕ ಏರಿಸಿ, ಕಣ್ಣು ಮುಚ್ಚಿ, ಫಸಲಿ ವರ್ಷಕ್ಕೆ ಐನೂರ ತೊಂಬತ್ತೊಂದು ಕೂಡಿಸಿ, ತಿಂಗಳು ಮೊದಲಿನ ಮೂರಾದ ಆಜೂರ್, ದೈ, ಬಹಮನ್ ಆಗಿದ್ದರೆ ಒಂದು ಕಳೆದು, ಇಂಗ್ಲಿಷ್ ತಾರೀಖು ಹೇಳಿಬಿಡುತ್ತಿದ್ದರು. ಒಂಬತ್ತು ವರ್ಷದಲ್ಲಿ ಒಂದು ದಿನದ ತಪ್ಪೂ ಆಗಿರಲಿಲ್ಲ. ಈ ಮಾತನ್ನು ಅವರು ದಿನಕ್ಕೆ ಎರಡು ಸಲವಾದರೂ ಹೇಳುತ್ತಿದ್ದರು, ಕೇಳುವವರು ಯಾರೂ ಇಲ್ಲದಿದ್ದರೆ ಹೆಂಡತಿ ಉಮಾಬಾಯಿಗೆ ಹೇಳುತ್ತಿದ್ದರು.

1968ರ ಜುಲೈನಲ್ಲಿ ಒಂದು ಮುಂಜಾನೆ ಆ ಕಟ್ಟೆಗೆ ಬಂಡೆಪ್ಪ ಬಂದ. ಸಣಕಲು ಆಳು, ತೋಳು ಮಾತ್ರ ವಿಪರೀತ ಉದ್ದ. ಯಾವ ದರ್ಜಿಯೂ ಅವನಿಗೆ ಸರಿಯಾದ ಅಂಗಿ ಹೊಲಿದಿರಲಿಲ್ಲ, ತೋಳು ಮಣಿಕಟ್ಟಿಗಿಂತ ನಾಲ್ಕು ಬೆರಳು ಮೇಲೇ ನಿಂತುಬಿಡುತ್ತಿತ್ತು. ಕೃಷಿ ಇಲಾಖೆಯಲ್ಲಿ ಮಣ್ಣು ಪರೀಕ್ಷೆ ಮಾಡುವ ಕೆಲಸ. ಬೀದರ ಜಿಲ್ಲೆಯ ಭಾಲ್ಕಿ ಕಡೆಯವನು.

“ವಿಲಾಯತಿಯೊಳಗ ಎರಡು ವರ್ಷ ಮಣ್ಣಿನ ಶಾಸ್ತ್ರ ಓದಾಕ ಸ್ಕಾಲರ್‌ಶಿಪ್ ಐತ್ರಿ, ಸರ. ಅರ್ಜಿ ಹಾಕೀನಿ. ಎಲ್ಲಾ ಪಾಸಾಗೇತಿ, ವಯಸ್ಸು ಒಂದ ಅಡ್ಡ ಬಂದೈತಿ. ಸೆಪ್ಟೆಂಬರ್ ಒಂದಕ್ಕ ಮೂವತ್ತು ತುಂಬಿರಬಾರದು ಅಂತಾರ. ಮೆಟ್ರಿಕ್ಕಿನ ಕಾಗದದಾಗ ನಾ ಹುಟ್ಟಿದ್ದು ಜೂನ್ ಆರು, ಮೂವತ್ತೆಂಟು ಅಂತ ಬರದಾರ. ಮೂರು ತಿಂಗಳಿಗೆ ತಪ್ಪೇತಿ. ಯಾರೋ ಗುಮಾಸ್ತ ಫಸಲಿ ತಿರುವೂದರಾಗ ಎಡವಿರಬೇಕ್ರಿ. ಇದು ಮೊದಲನೇ ಸಾಲಿ ಬಿಟ್ಟ ಕಾಗದ, ಅಸಲ್. ನೀವು ಒಮ್ಮೆ ಸರಿಯಾಗಿ ತಿರುವಿ ಹೇಳ್ರಿ. ಮುಂದಿನ ವರ್ಷ ಅಂದ್ರ ನನಗ ಬಾಗಲಾನ ಮುಚ್ಚತೈತಿ.”

ಮಾಸ್ತರರಿಗೆ ಇಂಥ ಕೆಲಸವೆಂದರೆ ಹಬ್ಬ. ಬೇರೆಯವರ ತಪ್ಪು ಹಿಡಿಯುವ ಸುಖ ಯಾರಿಗೆ ಬೇಡ? ಕಾಗದ ಬಿಚ್ಚಿ ಓದಿದರು. “ಯಕುಮ್ ಅಮರ್ದಾದ್, ಹದಿಮೂರನೂರಾ ನಲವತ್ತೇಳು. ಅಮರ್ದಾದ್ ಅಂದ್ರ ಜೂನ್, ಅದರ ಯಕುಮ್, ಒಂದನೇ ತಾರೀಖು, ಬೀಳೂದು ಆರಕ್ಕ. ಐನೂರ ತೊಂಬತ್ತೊಂದು ಕೂಡಿಸಿದ್ರ…” ಅವರ ಮುಖ ಇಳಿಯಿತು. “ಜೂನ್ ಆರು, ಮೂವತ್ತೆಂಟು. ಗುಮಾಸ್ತ ಬರದದ್ದು ಬರೋಬರಿ ಐತೋ ತಮ್ಮಾ.”

ಬಂಡೆಪ್ಪನ ಉದ್ದನೆಯ ಕೈಗಳು ಮೊಳಕಾಲಿನ ಮೇಲಿಂದ ಜಾರಿ ಕೆಳಗೆ ಜೋತುಬಿದ್ದವು.

ಕಾಗದವನ್ನು ವಾಪಸು ಕೊಡುವ ಮೊದಲು ಮಾಸ್ತರರ ಕಣ್ಣು ಕೆಳಗಿನ ಸಹಿಯ ಮೇಲೆ ಬಿತ್ತು. ಒಂದು ಕ್ಷಣ ನೋಡಿದರು. ಆಮೇಲೆ ಕಾಗದವನ್ನು ಥಟ್ಟನೆ ಮಡಚಿ, “ಹೆಡ್‌ಮಾಸ್ತರನ ಸಹಿ ಓದಾಕ ಬರೂದಿಲ್ಲ, ಮಸಿ ಹರಡೇತಿ” ಎಂದರು.

ಚಹಾ ತಂದ ಉಮಾಬಾಯಿ ಬಗ್ಗಿ ನೋಡಿದರು. ಆಕೆಗೆ ಉರ್ದುವಿನ ಒಂದಕ್ಷರವೂ ಬಾರದು. “ಅಯ್ಯ, ಎಲ್ಲಿ ಹರಡೇತ್ರಿ? ನಿಮ್ಮದ ಸಹಿ ಅಲ್ಲೇನು ಅದು? ಕಡೀಕ ಇಲಿ ಬಾಲ ಎಳದೀರಲ್ಲ. ಇಂಥ ಬಾಲದ ಸಹಿ ಹಾಕಾವ್ರು ಇಡೀ ಮುಲುಕಿನಾಗ ಇನ್ನೊಬ್ಬರು ಇಲ್ಲ.”

ಹೀಗೆ ಮಾಸ್ತರರ ಮಾನ ಚಹಾದ ಜೊತೆಗೆ ಕಟ್ಟೆಯ ಮೇಲೆ ಬಂತು.

ಅವರು ಬಾಯಿ ಬಿಡಲೇಬೇಕಾಯಿತು. ಸಂಗತಿ ಇಷ್ಟು. 1944ರಲ್ಲಿ ವೈಜನಾಥರಾಯರು ಭಾಲ್ಕಿ ಕಡೆಯ ಬಂಡೆಪ್ಪನ ಹಳ್ಳಿಯ ಶಾಲೆಗೇ ಹೆಡ್‌ಮಾಸ್ತರರೂ ಹೌದು, ಇದ್ದೊಬ್ಬ ಮಾಸ್ತರರೂ ಹೌದು. ಇಪ್ಪತ್ತು ವರ್ಷದ ಮೇಲೆ ಗುರುವಿಗೂ ಶಿಷ್ಯನಿಗೂ ಒಬ್ಬರಿಗೊಬ್ಬರ ಗುರುತು ಸಿಕ್ಕಿರಲಿಲ್ಲ. ಶಾಲೆಗೆ ಸೇರಿಸಲು ಮಗುವಿಗೆ ಆರು ವರ್ಷ ತುಂಬಿರಬೇಕೆಂದು ಸರಕಾರದ ಹುಕುಂ. ಜನ್ಮಪತ್ರಿಕೆ ಇದ್ದದ್ದು ಊರಲ್ಲಿ ಮೂರೇ ಮನೆಯಲ್ಲಿ. ಉಳಿದ ಮಕ್ಕಳಿಗೆ ಎಲ್ಲ ಮಾಸ್ತರರ ಹಾಗೆ ಇವರೂ ಒಂದೇ ಪರೀಕ್ಷೆ ಇಟ್ಟಿದ್ದರು. ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಆರು ವರ್ಷ ಆಯಿತು, ಒಳಗೆ ಬಾ. ಮುಟ್ಟದಿದ್ದರೆ ಮುಂದಿನ ವರ್ಷ ಬಾ. ಶಾಲೆಯ ವರ್ಷ ಶುರುವಾಗುತ್ತಿದ್ದುದು ಒಂದನೇ ಅಮರ್ದಾದ್‌ಗೆ. ಅವತ್ತು ಸೇರಿದ ಮಗು ಅವತ್ತಿಗೆ ಸರಿಯಾಗಿ ಆರು ವರ್ಷದ್ದು ಎಂದು ಬರೆದರೆ ಲೆಕ್ಕ ಸುಲಭ. ಹೀಗಾಗಿ ಆ ಊರಿನ ಮಕ್ಕಳೆಲ್ಲ ಮಾಸ್ತರರ ರಜಿಸ್ಟರಿನಲ್ಲಿ ಒಂದೇ ದಿನ ಹುಟ್ಟಿದರು. ಆ ದಿನ ಊರಿನ ಹೆಂಗಸರಿಗೆ ಎಂಥ ಫಜೀತಿ ಆಗಿರಬೇಕೆಂದು ಯಾವ ಇನ್‌ಸ್ಪೆಕ್ಟರನೂ ವಿಚಾರ ಮಾಡಲಿಲ್ಲ.

ಬಂಡೆಪ್ಪನ ತೋಳು ಆಗಲೂ ಉದ್ದವೇ ಇದ್ದವು. ಮಾಸ್ತರರು ಹೇಳಿ ಮುಗಿಸುವ ಮೊದಲೇ ಕಿವಿ ಹಿಡಿದು ನಿಂತಿರಬೇಕು.

“ಹಂಗಾರ ನನಗ ಖರೇನ ಮೂವತ್ತು ಆಗಿಲ್ಲೇನ್ರಿ?” ಬಂಡೆಪ್ಪ ಎದ್ದು ನಿಂತ.

“ನನಗೇನು ಗೊತ್ತು?” ಎಂದರು ಮಾಸ್ತರರು. ಒಂಬತ್ತು ವರ್ಷದಲ್ಲಿ ಆ ಕಟ್ಟೆಯ ಮೇಲೆ ಅವರು ಆ ಮಾತು ಆಡಿದ್ದು ಅದೇ ಮೊದಲು, ಆಡಿದ್ದಕ್ಕೆ ಅವರ ಮೇಲೆ ಅವರಿಗೇ ಸಿಟ್ಟು ಬಂತು.

ಮೂರು ದಿನ ಮಾಸ್ತರರು ಯಾರ ಕಾಗದವನ್ನೂ ಮುಟ್ಟಲಿಲ್ಲ. ನಾಲ್ಕನೆಯ ದಿನ ಸ್ಕಾಲರ್‌ಶಿಪ್ ಕಮಿಟಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯಲು ಕೂತರು. ಅರ್ಜಿದಾರನ ವಯಸ್ಸನ್ನು ನಾನು ಅವನ ಕಿವಿಯಿಂದ ತಿಳಿದುಕೊಂಡೆ ಎಂದು ಬರೆದು ಹೊಡೆದು ಹಾಕಿದರು. ಅರ್ಜಿದಾರನು ತನ್ನ ತೋಳುಗಳ ದೆಸೆಯಿಂದ ಅಕಾಲದಲ್ಲಿ ಬೆಳೆದನು ಎಂದು ಬರೆದು ಅದನ್ನೂ ಹೊಡೆದು ಹಾಕಿದರು. ಸಂಜೆಯ ಹೊತ್ತಿಗೆ ಎಂಟು ಹಾಳೆ ಹಾಳಾದವು. ಕೊನೆಗೆ, ಖುದ್ದಾಗಿ ಹಾಜರಾಗಿ ವಿವರಿಸಲು ಅಪ್ಪಣೆಯಾಗಬೇಕು ಎಂಬ ಎರಡು ಸಾಲು ಹೋಯಿತು. ಕಮಿಟಿಯವರು ಆಗಸ್ಟ್ ಹನ್ನೆರಡಕ್ಕೆ ಬನ್ನಿ ಎಂದರು.

ಸುದ್ದಿ ಬಂಡೆಪ್ಪನ ಬಾಯಿಂದ ಶಿವಾನಂದನ ಕಿವಿಗೆ ಬಿತ್ತು. ಶಿವಾನಂದ ಅದೇ ಊರಿನವನು, ಅದೇ ದಿನ ಅದೇ ಶಾಲೆಗೆ ಸೇರಿದವನು, ಈಗ ಹೈದರಾಬಾದಿನಲ್ಲೇ ರೆವಿನ್ಯೂ ಇನ್‌ಸ್ಪೆಕ್ಟರ್. ದುಂಡು ಮೈ, ಗಿಡ್ಡ ಕೈ. ಕಿವಿ ಮುಟ್ಟಲಾರದೆ ಮೂರು ವರ್ಷ ಬಾಗಿಲಿನಿಂದಲೇ ಮರಳಿ ಹೋಗಿ, ಒಂಬತ್ತು ದಾಟಿದ ಮೇಲೆ ಆರು ವರ್ಷದವನಾಗಿ ಒಳಗೆ ಬಂದಿದ್ದ. ಸರಕಾರದ ಲೆಕ್ಕದಲ್ಲಿ ಅವನೂ ಬಂಡೆಪ್ಪನೂ ಅವಳಿ ಮಕ್ಕಳಿದ್ದ ಹಾಗೆ.

ಅವನು ಒಂದು ಕಿಲೋ ಬಾದಾಮಿ ಹಲ್ವಾ ಹಿಡಿದು ಬಂದು ಮಾಸ್ತರರ ಕಾಲಿಗೆ ಬಿದ್ದ. “ಮಾಸ್ತರ, ನಮ್ಮ ಸಾಲಿ ರಜಿಸ್ಟರ್ ಸುಳ್ಳು ಅಂತ ನೀವ ಬರದ ಕೊಟ್ರ ನನ್ನ ಗತಿ ಏನ್ರಿ? ಮೂರು ವರ್ಷ ಮೊದಲ ರಿಟೈರ್ ಮಾಡಿ ಮನಿಗೆ ಕಳಸ್ತಾರ. ಇನ್ನ ಎರಡು ಹೆಣ್ಣು ಮಕ್ಕಳ ಲಗ್ನ ಅದಾವ. ಅಂವ ಒಬ್ಬ ವಿಲಾಯತಿಗೆ ಹೋಗದಿದ್ರ ಏನಾತ್ರಿ? ಮಣ್ಣು ಎಲ್ಲಾ ಕಡೆ ಮಣ್ಣ.”

“ಹಲ್ವಾ ಯಾವ ದುಕಾನಿಂದು?” ಎಂದು ಉಮಾಬಾಯಿ ಒಳಗಿನಿಂದ ಕೇಳಿದರು.

ಮಾಸ್ತರರಿಗೆ ಈ ಶಿವಾನಂದನ ಮೇಲೂ ಮರುಕ ಹುಟ್ಟಿತು. ಅದೇ ತಾಪತ್ರಯವಾಯಿತು. ಒಬ್ಬನಿಗೆ ಎಷ್ಟೋ ಹೆಚ್ಚು ಹಾಕಿದ್ದರು, ಇನ್ನೊಬ್ಬನಿಗೆ ಮೂರು ವರ್ಷ ಕಡಿಮೆ ಹಾಕಿದ್ದರು. ಮೊದಲನೆಯವನು ನ್ಯಾಯ ಕೇಳಲು ಬಂದಿದ್ದಾನೆ, ಎರಡನೆಯವನು ಅನ್ಯಾಯ ಮುಂದುವರಿಯಲಿ ಎಂದು ಹಲ್ವಾ ತಂದಿದ್ದಾನೆ, ಇಬ್ಬರೂ ತಮ್ಮ ವಿದ್ಯಾರ್ಥಿಗಳೇ. ಅವತ್ತು ಅವರು ಹಲ್ವಾ ಮುಟ್ಟಲಿಲ್ಲ. ಉಮಾಬಾಯಿಗೆ ಅಂಥ ಧರ್ಮಸಂಕಟವೇನೂ ಇರಲಿಲ್ಲ.

“ನೀವು ಎಲ್ಲಾ ಹುಡುಗರ ಮಾತ ಬರೀಬ್ಯಾಡ್ರಿ, ಬಂಡೆಪ್ಪಂದಷ್ಟ ಹೇಳ್ರಿ” ಎಂದು ಆಕೆಯೇ ದಾರಿ ತೋರಿಸಿದರು. “ಕೇಳದ್ದಕ್ಕ ಉತ್ತರ ಕೊಡೂದು ನಿಮಗ ಮೊದಲಿಂದ ಒಂದು ಚಟ.”

ಆಗಸ್ಟ್ ಹನ್ನೆರಡರಂದು ಮಾಸ್ತರರು ಹಳೆಯ ಶೇರ್ವಾನಿ ಹಾಕಿಕೊಂಡು ಕಮಿಟಿಯ ಮುಂದೆ ನಿಂತರು. ಮೇಜಿನ ಆಚೆ ಮೂವರು: ಅಧ್ಯಕ್ಷರಾದ ವೃದ್ಧ ಡಾಕ್ಟರ್ ಸಾಹೇಬರು, ಸೆಕ್ರೆಟೇರಿಯಟ್ಟಿನ ಒಬ್ಬ ದಪ್ಪ ಅಧಿಕಾರಿ, ವಿಲಾಯತಿಯಿಂದ ಬಂದ ಕೆಂಪು ಮುಖದ ಪ್ರೊಫೆಸರು. ಬಂಡೆಪ್ಪ ಮೂಲೆಯ ಕುರ್ಚಿಯಲ್ಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಕೂತಿದ್ದ.

ಮಾಸ್ತರರು ಇಂಗ್ಲಿಷಿನಲ್ಲಿ ಕಿವಿಯ ಪರೀಕ್ಷೆಯನ್ನು ವಿವರಿಸಿದರು. ಪ್ರೊಫೆಸರು ಎರಡು ಸಲ ಕ್ಷಮಿಸಿ, ತಿಳಿಯಲಿಲ್ಲ ಎಂದರು. ಮೂರನೆಯ ಸಲ ಮಾಸ್ತರರಿಗೆ ತಾಳ್ಮೆ ತಪ್ಪಿತು. ಮೂವತ್ತು ವರ್ಷ ಪಾಠ ಹೇಳಿದವರು, ದಡ್ಡ ಹುಡುಗರನ್ನು ನೋಡಿದವರು. “ಎಲ್ಲರೂ ಬಲಗೈ ಮೇಲೆ ಎತ್ತಿ” ಎಂದು ಅಪ್ಪಣೆ ಮಾಡಿಬಿಟ್ಟರು. ದನಿಯಲ್ಲಿ ಏನಿತ್ತೋ, ಮೂವರೂ ಎತ್ತಿದರು. “ನೆತ್ತಿಯ ಮೇಲಿಂದ ತನ್ನಿ. ಎಡಗಿವಿ ಹಿಡಿಯಿರಿ. ಬಗ್ಗಬೇಡಿ, ಮೋಸ ನಡೆಯುವುದಿಲ್ಲ.”

ಅದೇ ಹೊತ್ತಿಗೆ ಜವಾನ ಚಹಾದ ಟ್ರೇ ಹಿಡಿದು ಒಳಗೆ ಬಂದ. ಮೂವರು ದೊಡ್ಡ ಸಾಹೇಬರು ತಮ್ಮ ತಮ್ಮ ಕಿವಿ ಹಿಡಿದು ಕೂತಿದ್ದಾರೆ, ಎದುರಿಗೆ ಶೇರ್ವಾನಿಯ ಮುದುಕರೊಬ್ಬರು ನಿಂತು ಪರೀಕ್ಷಿಸುತ್ತಿದ್ದಾರೆ. ಅವನು ಟ್ರೇಯನ್ನು ಹಾಗೇ ತಿರುಗಿಸಿಕೊಂಡು ಹೊರಗೆ ಹೋದ. ಆಮೇಲೆ ಎಷ್ಟು ಗಂಟೆ ಬಾರಿಸಿದರೂ ಬರಲಿಲ್ಲ.

ಅಧ್ಯಕ್ಷರು ಮುಟ್ಟಿದರು. ಪ್ರೊಫೆಸರು ಮುಟ್ಟಿದ್ದಲ್ಲದೆ ಸಣ್ಣ ಹುಡುಗನಂತೆ ಹಿಗ್ಗಿದರು. ದಪ್ಪ ಅಧಿಕಾರಿಯ ಬೆರಳು ಮಾತ್ರ ಎಷ್ಟು ತಿಣುಕಿದರೂ ಕಿವಿಗಿಂತ ಒಂದು ಅಂಗುಲ ಮೇಲೇ ನಿಂತಿತು.

“ಮುಂದಿನ ವರ್ಷ ಬಾ” ಎಂದರು ಮಾಸ್ತರರು, ಅಭ್ಯಾಸಬಲದಿಂದ, ಕನ್ನಡದಲ್ಲಿ. ಅದೃಷ್ಟಕ್ಕೆ ಅಧಿಕಾರಿಗೆ ಬರುತ್ತಿದ್ದುದು ತೆಲುಗು.

ಆಮೇಲೆ ಬಂಡೆಪ್ಪನನ್ನು ಎಬ್ಬಿಸಿದರು. ಅವನ ಕೈ ನೆತ್ತಿ ದಾಟಿ, ಕಿವಿ ದಾಟಿ, ಗದ್ದದ ತನಕ ಬಂತು. ಕಮಿಟಿಗೆ ಮಾತು ಮನದಟ್ಟಾಯಿತು. ಆದರೆ ಅಧ್ಯಕ್ಷರು ಸುಮ್ಮನೆ ಅಧ್ಯಕ್ಷರಾಗಿರಲಿಲ್ಲ. ಕೈ ಇಳಿಸಿ, ಕನ್ನಡಕ ಸರಿಮಾಡಿಕೊಂಡು ಕೇಳಿದರು: “ರಜಿಸ್ಟರಿನ ತಾರೀಖು ತಪ್ಪು ಎಂದು ಒಪ್ಪೋಣ, ಮಾಸ್ಟರ್ ಸಾಹೇಬ್. ಹಾಗಾದರೆ ಸರಿಯಾದದ್ದು ಯಾವುದು?”

ಮಾಸ್ತರರು ಬಂಡೆಪ್ಪನ ತೋಳನ್ನು ಇನ್ನೊಮ್ಮೆ ಕಣ್ಣಿನಲ್ಲೇ ಅಳೆದರು.

“ಅಂದಾಜು ಬೇಡ” ಎಂದರು ಅಧ್ಯಕ್ಷರು. “ಅದು ಒಂದು ಸಲ ಆಗಿದೆ. ಈ ತಿಂಗಳ ಹದಿನೈದರೊಳಗೆ ತಾರೀಖನ್ನು, ಅದಕ್ಕೆ ಆಧಾರವನ್ನು, ಪ್ರಮಾಣಪತ್ರವನ್ನು ತನ್ನಿ. ಇಲ್ಲದಿದ್ದರೆ ಹೆಸರು ಹೊಡೆದು ಹಾಕಬೇಕಾಗುತ್ತದೆ.”

ಬಂಡೆಪ್ಪ ಅದೇ ಸಂಜೆಯ ಬಸ್ಸು ಹಿಡಿದ. ಮರುದಿನ ಮಧ್ಯಾಹ್ನ ತಾಯಿ ಅಂಬವ್ವನನ್ನು ಕರೆದುಕೊಂಡು ತಾರ್ನಾಕಕ್ಕೆ ಬಂದ. ಗಟ್ಟಿ ಮುದುಕಿ, ಹಣೆಯ ತುಂಬ ವಿಭೂತಿ. ಊರಿನಲ್ಲಿ ಆಕೆ ಸೂಲಗಿತ್ತಿ. ಅರ್ಧ ಊರು ಆಕೆಯ ಕೈಯಲ್ಲೇ ಭೂಮಿಗೆ ಬಂದಿತ್ತು. ಕಟ್ಟೆ ಏರಿದವಳೇ, ಇನ್ನೊಂದು ಹಲ್ವಾ ಪೊಟ್ಟಣದ ಜೊತೆಗೆ ಅಲ್ಲೇ ಕೂತಿದ್ದ ಶಿವಾನಂದನ ಗದ್ದ ಹಿಡಿದಳು.

“ಏ ಶಿವ್ಯಾ! ನೀ ಇಲ್ಲೇ ಅದೀ? ನಿಮ್ಮವ್ವಗ ಎರಡು ದಿನ ಬ್ಯಾನಿ. ಬಂಡ್ಯಾ ಹುಟ್ಟೂದಕ್ಕಿಂತ ಐದು ವರ್ಷ ಮೊದಲ, ನಾಗರಪಂಚಮಿ ದಿನ ನಿನ್ನ ಹೊರಗ ತಗದೆ. ಅವಾಗ ನಿಮ್ಮಪ್ಪ…”

ಶಿವಾನಂದನಿಗೆ ಆಫೀಸಿನಲ್ಲಿ ಭಾರಿ ಅರ್ಜೆಂಟ್ ಕೆಲಸ ನೆನಪಾಯಿತು. ಚಪ್ಪಲಿ ಕೈಯಲ್ಲೇ ಹಿಡಿದು ಗಲ್ಲಿ ದಾಟಿದ. ಹಲ್ವಾ ಉಳಿಯಿತು.

ಮಾಸ್ತರರು ಹಾಳೆ ತೆಗೆದು ಕೂತರು. “ಅಂಬವ್ವ, ಬಂಡೆಪ್ಪ ಹುಟ್ಟಿದ್ದು ಯಾವಾಗ? ಅವಸರ ಇಲ್ಲ, ವಿಚಾರ ಮಾಡಿ ಹೇಳ್ರಿ.”

“ಅದರಾಗ ವಿಚಾರೇನ್ರಿ? ಎಳ್ಳಮಾಸಿ ದಿನ. ಹೊಲದಾಗ ಚರಗಾ ಚೆಲ್ಲಿ ಭೂಮಿತಾಯಿಗೆ ಎಡಿ ಕೊಡಾಕ ಹೋಗಿದ್ವಿ. ಭಜ್ಜಿ, ಅಂಬಲಿ ಎಲ್ಲಾ ಬುಟ್ಟಿ ತುಂಬ ಹೊತಗೊಂಡು ನಾನ ಹೋಗಿದ್ದೆ. ಎಡಿ ತೋರಿಸಿ ಕುಂತೆ, ಬ್ಯಾನಿ ಬಂತು. ಜ್ವಾಳದ ಸಾಲಿನಾಗ ಹಡದೆ. ಆ ವರ್ಷ ಅಧಿಕಮಾಸ ಬಂದು ಎಳ್ಳಮಾಸಿ ತಡಾ ಆಗಿತ್ತು, ತೆನಿ ಆಗಲೇ ಗಟ್ಟಿಯಾಗಿದ್ವು. ಇವನ ಹಿಂದ ಹುಟ್ಟಿದ ಹುಡುಗಿ ಪಾರ್ವತಿ ಮುಂದಿನ ಅಧಿಕಮಾಸದಾಗ ಮೊಲಿ ಬಿಟ್ಟಳು, ಅದಾಗಿ ಎರಡು ವರ್ಷಕ್ಕ ಇವನ್ನ ಸಾಲಿಗೆ ಹಾಕಿದ್ವಿ.”

ಉಮಾಬಾಯಿ ಒಳಗೆ ಹೋದರು. ಮದುವೆಯಾದಾಗಿನಿಂದ ಒಂದು ಪಂಚಾಂಗವನ್ನೂ ಎಸೆದವರಲ್ಲ. ಅವುಗಳಿಗಾಗಿ ಒಂದು ಟ್ರಂಕೇ ಇತ್ತು, ಅದರ ಬಗ್ಗೆ ಮಾಸ್ತರರು ಎಷ್ಟೋ ಸಲ ಕೂಗಾಡಿದ್ದರು. ಈಗ ಬಾಯಿ ಮುಚ್ಚಿಕೊಂಡು ಧೂಳು ಕೊಡವಿದರು. ಬಂಡೆಪ್ಪ ಶಾಲೆಗೆ ಸೇರುವ ಎರಡು ವರ್ಷ ಮೊದಲು, 1942ರಲ್ಲಿ, ಒಂದು ಅಧಿಕಮಾಸ, ಅದರ ಹಿಂದಿನದು 1939ರಲ್ಲಿ. ಆ ವರ್ಷದ ಎಳ್ಳಮಾಸಿ, ಅಂದರೆ ಮಾರ್ಗಶಿರ ಅಮಾವಾಸ್ಯೆ, ತಳ್ಳಿಕೊಂಡು ಹೋಗಿ ಬಿದ್ದದ್ದು 1940ರ ಜನವರಿ ಒಂಬತ್ತು, ಮಂಗಳವಾರ.

“ಮಂಗಳವಾರ ಹೌದ ಹೌದು” ಎಂದಳು ಅಂಬವ್ವ.

ಬಂಡೆಪ್ಪನಿಗೆ ಇಪ್ಪತ್ತೆಂಟು. ಅವನು ಅಲ್ಲೇ ಕಂಬಕ್ಕೆ ಒರಗಿ ಅತ್ತುಬಿಟ್ಟ. ಉಮಾಬಾಯಿ ಅವನ ಬಾಯಿಗೆ ಶಿವಾನಂದನ ಹಲ್ವಾ ತುರುಕಿದರು.

ಮಾಸ್ತರರಿಗೆ ಮಾತ್ರ ಸಂತೋಷ ಪೂರ್ತಿ ಬರಲಿಲ್ಲ. “ಇಷ್ಟು ಖಚಿತ ಗೊತ್ತಿತ್ತು ಅಂದ್ರ, ಸಾಲಿಗೆ ಸೇರಿಸಾಕ ಬಂದಾಗ ಯಾಕ ಹೇಳಲಿಲ್ಲ ಅಂಬವ್ವ?”

“ನಾನೂ ಬಂದಿದ್ದೆನಲ್ಲರಿ, ಬಾಗಲದಾಗ ನಿಂತಿದ್ದೆ. ನೀವು ಇವನ ಕೈ ಹಿಡದು ಕಿವಿ ಮುಟ್ಟಿಸಿದ್ರಿ, ಅಪ್ಪನ ಹೆಸರು ಕೇಳಿದ್ರಿ, ಬರಕೊಂಡ್ರಿ. ನನ್ನ ಏನೂ ಕೇಳಲಿಲ್ಲ.” ಆಕೆಯ ದನಿಯಲ್ಲಿ ದೂರು ಇರಲಿಲ್ಲ. “ಓದಿದವ್ರು, ಕಿವಿ ನೋಡಿದ್ರ ತಿಳೀತೈತಿ ಅಂತ ನಾ ತಿಳಕೊಂಡೆ.”

ಮಾಸ್ತರರಿಗೆ ನಾಚಿಕೆಯಾಯಿತು. ಐದು ವರ್ಷ ಆ ಊರಿನಲ್ಲಿದ್ದರು. ಹುಡುಗರ ತೋಳು ಅಳೆಯುತ್ತ ಕೂತಿದ್ದರು. ಎಲ್ಲ ಹುಡುಗರ ಹುಟ್ಟನ್ನೂ ಬೆರಳ ತುದಿಯಲ್ಲಿ ಇಟ್ಟುಕೊಂಡ ಹೆಂಗಸು ಶಾಲೆಯ ಮುಂದಿನಿಂದಲೇ ದಿನಾ ನೀರಿಗೆ ಹೋಗುತ್ತಿದ್ದಳು, ನಮಸ್ಕಾರ ಮಾಸ್ತರ ಎಂದೂ ಅನ್ನುತ್ತಿದ್ದಳು. ಪ್ರಮಾಣಪತ್ರದ ಕೊನೆಗೆ ಅವರು ಯಾರೂ ಹೇಳದೆ ಒಂದು ಸಾಲು ಸೇರಿಸಿದರು: ಮಗುವಿನ ತಾಯಿಗೆ ತಾರೀಖು ಗೊತ್ತಿತ್ತು, ಆಕೆ ಬಾಗಿಲಲ್ಲೇ ನಿಂತಿದ್ದಳು, ನಾನು ಕೇಳಲಿಲ್ಲ.

ಹದಿನಾಲ್ಕನೆಯ ತಾರೀಖು ಎಲ್ಲರೂ ಕಮಿಟಿಯ ಮುಂದೆ ಹಾಜರಾದರು. ಅಧ್ಯಕ್ಷರು ಪ್ರಮಾಣಪತ್ರವನ್ನು ಗಟ್ಟಿಯಾಗಿ ಓದಿದರು. ಕೊನೆಯ ಸಾಲಿಗೆ ಬಂದಾಗ ದನಿ ತಗ್ಗಿಸಿ, ಇನ್ನೊಮ್ಮೆ ಮನಸ್ಸಿನಲ್ಲೇ ಓದಿಕೊಂಡರು. ಪಂಚಾಂಗವನ್ನು ಪ್ರೊಫೆಸರು ತಲೆಕೆಳಗಾಗಿ ಹಿಡಿದು ಭಕ್ತಿಯಿಂದ ನೋಡಿದರು. ದಪ್ಪ ಅಧಿಕಾರಿ ಮಾಸ್ತರರ ಕಡೆ ನೋಡಲೇ ಇಲ್ಲ.

“ನಮಗೆ ಒಪ್ಪಿಗೆ” ಎಂದರು ಅಧ್ಯಕ್ಷರು. ಪೆನ್ನು ತೆಗೆದವರು ತಡೆದರು. “ಒಂದು ಕಾಲಂ ಖಾಲಿ ಬಿಟ್ಟಿದ್ದೀರಿ. ಹೆಬ್ಬೆಟ್ಟು ಒತ್ತಿದ ಸಾಕ್ಷಿಯ ವಯಸ್ಸು.”

ಮಾಸ್ತರರ ಕೈ ತನ್ನಷ್ಟಕ್ಕೆ ತಾನೇ ಅರವತ್ತು ಎಂದು ಬರೆಯಲು ಹೋಯಿತು. ತಡೆದು, ತಿರುಗಿ, ಅಂಬವ್ವನನ್ನು ಕೇಳಿದರು: “ಅಂಬವ್ವ, ನೀವು ಯಾವಾಗ ಹುಟ್ಟಿದ್ರಿ?”

ಅಂಬವ್ವ ನಕ್ಕಳು. “ಅದು ನಮ್ಮವ್ವಗ ಗೊತ್ತಿತ್ತರಿ. ನಾ ಸಣ್ಣಾಕಿ ಇದ್ದಾಗ ಆಕಿ ಪ್ಲೇಗಿನಾಗ ಸತ್ತಳು. ಆಕಿನ್ನ ಯಾರೂ ಕೇಳಿಲ್ಲ. ಏನರೆ ಒಂದು ಬರೀರಿ ಮಾಸ್ತರ, ನಿಮಗ ರೂಢಿ ಐತಲ್ಲ.”

ಕೋಣೆಯಲ್ಲಿ ಬಂಡೆಪ್ಪನೊಬ್ಬ ನಕ್ಕ, ಆಮೇಲೆ ಅವನೂ ನಿಲ್ಲಿಸಿದ. ಮಾಸ್ತರರು ಆ ಖಾಲಿ ಜಾಗದಲ್ಲಿ ದುಂಡಗಿನ ಅಕ್ಷರದಲ್ಲಿ, ಗೊತ್ತಿಲ್ಲ ಎಂದು ಬರೆದು ಕಾಗದವನ್ನು ಮುಂದೆ ಸರಿಸಿದರು. ಅಧ್ಯಕ್ಷರು ಅದನ್ನು ಓದಿ ಸಹಿ ಹಾಕಿದರು.